ಉಳಿಸಿದವನ ಎದೆಗಾರಿಕೆ

ಕಲಬುರಗಿ ಕೋಟೆಯ ಮೇಲಿನ ದೊಡ್ಡ ತೋಪು 29 ಅಡಿ ಉದ್ದವೆಂದು ನಮ್ಮ ಮಕ್ಕಳೂ ಹೇಳುತ್ತಾರೆ. ಅಂಥ ತೋಪಿನ ಬಾಯಿಗೆ ಎದುರಾಗಿ ನಿಂತವರನ್ನು ಕುರಿತು ನಾವು ಕೇಳುವುದು ಅಪರೂಪ. ಕೊಂದವನ ಬಲವನ್ನು ಹೊಗಳಿದಷ್ಟು ಉಳಿಸಿದವನ ಎದೆಗಾರಿಕೆಯನ್ನು ನಾವು ನೆನೆಯುತ್ತೇವೆಯೇ?

ಕಮಲಾಪುರದ ಕೆಂಪುಬಾಳೆ ತೋಟದಲ್ಲಿ ನಿಂತವರಿಗೆ ಕಡಲು ಬಹು ದೂರ. ಆದರೂ ಈ ಪ್ರಶ್ನೆ ಎದ್ದಾಗಲೆಲ್ಲ ನನ್ನ ಮನಸ್ಸು ಒಬ್ಬ ನಾವಿಕನತ್ತ ಹೋಗುತ್ತದೆ. 1854ರ ಜೂನ್ 21. ಬಾಲ್ಟಿಕ್ ಕಡಲಿನ ಬೊಮಾರ್ಸುಂಡ್ ಕೋಟೆಯ ಮೇಲೆ ಬ್ರಿಟಿಷ್ ಹಡಗುಗಳು ಗುಂಡಿನ ಮಳೆಗರೆಯುತ್ತಿದ್ದವು; ರಷ್ಯನ್ನರ ತೋಪುಗಳೂ ಸುಮ್ಮನಿರಲಿಲ್ಲ. ಅಲ್ಲಿಂದ ಹಾರಿಬಂದ ಸಿಡಿಗುಂಡೊಂದು ‘ಹೆಕ್ಲಾ’ ಹಡಗಿನ ಡೆಕ್ಕಿನ ಮೇಲೆ ಬಿತ್ತು. ಬತ್ತಿ ಇನ್ನೂ ಚುರುಚುರು ಉರಿಯುತ್ತಿತ್ತು. ಎಲ್ಲರೂ ಬೋರಲು ಮಲಗಿರೆಂಬ ಆಜ್ಞೆಯಾಯಿತು. ಇಪ್ಪತ್ತರ ಹರೆಯದ ಚಾರ್ಲ್ಸ್ ಡೇವಿಸ್ ಲೂಕಸ್ ಮಾತ್ರ ಮುಂದಕ್ಕೆ ಓಡಿದ. ಗುಂಡನ್ನೆತ್ತಿ ಕಡಲಿಗೆ ಎಸೆದ. ನೀರು ಮುಟ್ಟುವ ಮೊದಲೇ ಅದು ಸಿಡಿಯಿತು. ಹಡಗಿನಲ್ಲಿ ಒಬ್ಬರ ಪ್ರಾಣವೂ ಹೋಗಲಿಲ್ಲ.

ಬತ್ತಿ ಎಷ್ಟು ಉಳಿದಿದೆಯೆಂದು ಆತ ಲೆಕ್ಕ ಹಾಕಿದ್ದನೇ? ಹಾಕಿದ್ದರೆ ಕೈ ಮುಂದೆ ಬರುತ್ತಿತ್ತೇ? ಎಳೆಯ ವಯಸ್ಸಿನಲ್ಲೇ ನೌಕಾಪಡೆ ಸೇರಿದವನು ಅವನು. ಒಟ್ಟಿಗೆ ಉಂಡು, ಒಟ್ಟಿಗೆ ಬಿರುಗಾಳಿಗೆ ಮೈಯೊಡ್ಡಿದವರ ಜೀವವೂ ತನ್ನ ಜೀವವೂ ಬೇರೆಬೇರೆ ಎಂಬ ಎಣಿಕೆ ಆ ಕ್ಷಣದಲ್ಲಿ ಅಳಿಸಿಹೋಗಿರಬೇಕು. ವರ್ಷಗಟ್ಟಲೆ ಮೈಗೂಡಿದ್ದು ಒಂದು ಗಳಿಗೆಯಲ್ಲಿ ಹೊರಬಂತು ಎಂದೇ ನಾನು ತಿಳಿಯುತ್ತೇನೆ.

ಆದರೆ ಅವನು ನಿಂತದ್ದು ಯಾರ ಪರ? ಇದನ್ನು ಕೇಳದೆ ನಾವು ಮುಂದೆ ಹೋಗಲಾಗದು. 1857ರ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿ ಅವನಿಗೆ ವಿಕ್ಟೋರಿಯಾ ಕ್ರಾಸ್ ತೊಡಿಸಿದಳು. ಆ ಪದಕಕ್ಕೆ ಪಾತ್ರವಾದ ಮೊತ್ತಮೊದಲ ಸಾಹಸ ಅವನದೇ. ಆ ಹೊತ್ತಿಗೆ ನಮ್ಮ ದೇಶದಲ್ಲಿ ದಂಗೆ ಹೊತ್ತಿ ಉರಿಯುತ್ತಿತ್ತು. ಮರುವರ್ಷ ಬ್ರಿಟಿಷರ ಸೈನ್ಯ ಸುರಪುರದ ಮೇಲೆ ಏರಿಬಂತು; 2009ರವರೆಗೂ ನಮ್ಮ ಜಿಲ್ಲೆಯಲ್ಲೇ ಇದ್ದ ಸುರಪುರ. ದೊರೆ ರಾಜಾ ವೆಂಕಟಪ್ಪ ನಾಯಕ ಸೆರೆಸಿಕ್ಕ. ಅವನನ್ನು ಬಾಲ್ಯದಿಂದ ಕಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸೆರೆಮನೆಗೆ ಬಂದು, ಬಂಡಾಯಕ್ಕೆ ಪ್ರೇರೇಪಿಸಿದವರು ಯಾರೆಂದು ಕೇಳಿದ. ಟೇಲರನನ್ನು ನಾಯಕ ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಆ ಸಲುಗೆಗೂ ಸೋಲದೆ, ಯಾರೊಬ್ಬರ ಹೆಸರನ್ನೂ ಬಾಯಿಬಿಡಲಿಲ್ಲ.

ಒಬ್ಬ ಸಾಮ್ರಾಜ್ಯದ ನಾವಿಕ, ಇನ್ನೊಬ್ಬ ಅದೇ ಸಾಮ್ರಾಜ್ಯಕ್ಕೆ ಎದುರು ನಿಂತ ದೊರೆ. ಒಬ್ಬನಿಗೆ ಪದಕ, ಇನ್ನೊಬ್ಬನಿಗೆ ಸಂಕೋಲೆ. ಇಬ್ಬರೂ ಕಾಪಾಡಿದ್ದು ಜೊತೆಯವರನ್ನು. ಹೀಗಿರುವಾಗ, ಪಕ್ಷ ಬೇರೆಯೆಂಬ ಒಂದೇ ಕಾರಣಕ್ಕೆ ಲೂಕಸ್‌ನಿಗೆ ಸಲ್ಲಬೇಕಾದ ಗೌರವವನ್ನು ನಾವು ತಡೆಹಿಡಿಯಬಹುದೇ? ನನಗಂತೂ ಮನಸ್ಸು ಬಾರದು. ಇಬ್ಬರಲ್ಲಿ ಒಬ್ಬರನ್ನೇ ಆರಿಸೆಂದರೆ ಮಾತ್ರ ನಾನು ಸುರಪುರದ ಕಡೆಗೆ ವಾಲುತ್ತೇನೆ. ನಾವಿಕನಿಗೆ ಹೆದರಲೂ ಬಿಡುವಿರಲಿಲ್ಲ. ನಾಯಕನಿಗೆ ಯೋಚಿಸಲು ಸೆರೆಮನೆಯ ಉದ್ದನೆಯ ರಾತ್ರಿಗಳಿದ್ದವು.