ಸೌರವಿದ್ಯುತ್ತು ಮತ್ತು ಶ್ರಾವಕನ ಪರಿಮಾಣ

ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಅನೇಕ ಜೈನ ಮನೆತನಗಳ ಮೂಲ ಮನೆಗಳು ಉಳಿದಿವೆ. ತೋಟದ ಮೇಲ್ಬದಿಯಲ್ಲಿ ಹಂಚಿನ ಮಾಡಿನ ಮನೆ, ಅಡಿಕೆ ಒಣಗಿಸುವ ಅಂಗಳ, ಬಾವಿ, ಹಟ್ಟಿ, ಸುತ್ತ ಹಲಸು-ಮಾವಿನ ಮರಗಳು. ಇಂತಹ ಮನೆಗಳಲ್ಲಿ ಹೆಚ್ಚಾಗಿ ವೃದ್ಧ ದಂಪತಿಗಳು ಮಾತ್ರ ವಾಸವಾಗಿರುತ್ತಾರೆ. ಮಕ್ಕಳು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನೆಲೆಸಿರುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ದೀಪವಿಲ್ಲ, ಪಂಪಿಲ್ಲ, ದೂರವಾಣಿಯೂ ಇಲ್ಲ. ಆದ್ದರಿಂದ ಮನೆಯ ಮೇಲೆ ಸೌರಫಲಕಗಳನ್ನು ಹಾಕಿಸಬೇಕೆ ಎಂಬ ವಿಚಾರ ಅಲ್ಲಿ ಸಹಜವಾಗಿಯೇ ಏಳುತ್ತದೆ. ಈ ವಿಚಾರವನ್ನು ಸಾಮಾನ್ಯವಾಗಿ ಹಣದ ಲೆಕ್ಕದಲ್ಲಿಯೇ ಮುಗಿಸಲಾಗುತ್ತದೆ. ಶ್ರಾವಕನಿಗಾದರೋ ಇದರಲ್ಲಿ ಧರ್ಮದ ಲೆಕ್ಕವೂ ಇದೆ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಸೂರ್ಯನ ಬೆಳಕಿನಿಂದ ವಿದ್ಯುತ್ತು ಪಡೆಯುವಾಗ ಬೆಂಕಿ ಉರಿಯುವುದಿಲ್ಲ, ನದಿಗೆ ಕಟ್ಟೆ ಬೀಳುವುದಿಲ್ಲ. ಆದುದರಿಂದ ಇದು ಹಿಂಸಾರಹಿತವಾದ ವಿದ್ಯುತ್ತು, ಇದನ್ನು ಎಷ್ಟು ಬಳಸಿದರೂ ದೋಷವಿಲ್ಲ ಎಂಬುದು ಒಂದು. ಫಲಕವೂ ಬ್ಯಾಟರಿಯೂ ಕಾರ್ಖಾನೆಯಲ್ಲಿಯೇ ಹುಟ್ಟುವುದರಿಂದ ಹಿಂಸೆ ಎಲ್ಲಿಯೂ ತಪ್ಪಿದ್ದಲ್ಲ. ಹಾಗಿರುವಾಗ ಹೊಸ ಪರಿಗ್ರಹವೇಕೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ಒಂದು ಮುಖ್ಯ ಮಾತನ್ನು ಬಿಟ್ಟುಬಿಡುತ್ತವೆ. ಅದು ಪರಿಮಾಣದ ಮಾತು.

ಹಿಂಸೆಯ ವಿಚಾರ

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧವಾಗಿ ವಿಂಗಡಿಸುವ ಪದ್ಧತಿ ಸರ್ವವಿದಿತ. ಇವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕು. ಅಡುಗೆ, ನೀರು, ಮನೆಯ ದುರಸ್ತಿ, ಬೇಸಾಯ ಮುಂತಾದವುಗಳಲ್ಲಿ ಆಗುವ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಅವನಿಗೆ ಅನಿವಾರ್ಯ. ಆದರೆ ವಿವೇಕದಿಂದ ಅವುಗಳನ್ನು ಕಡಿಮೆ ಮಾಡುವುದು ಅವನ ಕರ್ತವ್ಯ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ನಿರೂಪಿಸುತ್ತದೆ. ಆದ್ದರಿಂದ ಎಚ್ಚರವಿಲ್ಲದ ಬಳಕೆಯೇ ಇಲ್ಲಿ ಮೊದಲ ದೋಷವಾಗುತ್ತದೆ.

ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳನ್ನೂ ಮರೆಯುವಂತಿಲ್ಲ. ತಂತಿಯ ಮೂಲಕ ಬರುವ ವಿದ್ಯುತ್ತು ಮನೆಯೊಳಗೆ ಹೊಗೆ ಬಿಡುವುದಿಲ್ಲ. ಆದರೆ 1985ರಿಂದ ಉತ್ಪಾದನೆ ನಡೆಸುತ್ತಿರುವ ರಾಯಚೂರಿನ ಸ್ಥಾವರದಲ್ಲಿಯೂ, ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರದಲ್ಲಿಯೂ ಅದಕ್ಕಾಗಿ ಕಲ್ಲಿದ್ದಲು ಉರಿಯುತ್ತದೆ. ಶರಾವತಿಯ ವಿದ್ಯುತ್ತಿಗಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮಲೆನಾಡಿನ ಕಾಡು, ಗದ್ದೆ, ಮನೆಗಳು ಮುಳುಗಿ ಸಹಸ್ರಾರು ಜನ ನೆಲೆ ಕಳೆದುಕೊಂಡರು. ಗುಂಡಿ ಒತ್ತುವವನು ಇವೆಲ್ಲವನ್ನೂ ಬಯಸಿ ಮಾಡಿಸಿದವನಲ್ಲ, ನಿಜ. ಆದರೆ ತಿಳಿದ ಮೇಲೂ ಅನಗತ್ಯವಾಗಿ ಬಳಸಿದರೆ ಅನುಮೋದನೆಯ ದೋಷದಿಂದ ಅವನು ಪೂರ್ಣವಾಗಿ ಪಾರಾಗಲಾರ.

ವಿದ್ಯುತ್ತು ಸಚಿತ್ತವಾದ ತೇಜಸ್ಕಾಯವೆ, ಅಚಿತ್ತವೆ ಎಂಬ ಚರ್ಚೆಯೂ ಇಪ್ಪತ್ತನೆಯ ಶತಮಾನದಲ್ಲಿ ಸಮಾಜದಲ್ಲಿ ನಡೆದಿದೆ. ಸ್ಥಾನಕವಾಸಿ ಪರಂಪರೆಯ ಅನೇಕ ಮುನಿಗಳು ಧ್ವನಿವರ್ಧಕವನ್ನು ಬಳಸದಿರುವುದಕ್ಕೆ ಈ ವಿಚಾರವೇ ಕಾರಣ. ತೇರಾಪಂಥದ ವಿದ್ವಾಂಸರು ವಿದ್ಯುತ್ತನ್ನು ಅಚಿತ್ತವೆಂದು ಪ್ರತಿಪಾದಿಸಿದ್ದಾರೆ. ಸಾಧುಚರ್ಯೆಯ ದೃಷ್ಟಿಯಿಂದ ಇದು ಮಹತ್ವದ ಪ್ರಶ್ನೆ. ಆದರೆ ಗೃಹಸ್ಥನ ಪ್ರಶ್ನೆ ಇದರಿಂದ ಇತ್ಯರ್ಥವಾಗುವುದಿಲ್ಲ. ತಂತಿಯಲ್ಲಿ ಹರಿಯುವುದು ಅಚಿತ್ತವೇ ಆದರೂ ಅದನ್ನು ಹುಟ್ಟಿಸುವಲ್ಲಿಯೂ ಉಪಯೋಗಿಸುವಲ್ಲಿಯೂ ನೆಲ, ನೀರು, ಗಾಳಿ, ಗಿಡ, ಕ್ರಿಮಿಕೀಟಗಳಿಗೆ ತಗಲುವ ಬಾಧೆ ಹಾಗೆಯೇ ಉಳಿಯುತ್ತದೆ.

ಫಲಕದ ಜಮಾ-ಖರ್ಚು

ಸೌರಫಲಕದ ಜಮಾ-ಖರ್ಚನ್ನು ಪ್ರಾಮಾಣಿಕವಾಗಿ ಬರೆಯುವುದಾದರೆ ಖರ್ಚಿನ ಬದಿಯಲ್ಲಿ ಮೊದಲು ಬರುವುದು ಸಿಲಿಕಾನ್. ಬೆಣಚುಕಲ್ಲನ್ನು ಗಣಿಯಿಂದ ತೆಗೆದು, ಇಂಗಾಲದೊಡನೆ ಭಾರೀ ಕುಲುಮೆಗಳಲ್ಲಿ ಕಾಯಿಸಿ, ಶುದ್ಧಿಗೊಳಿಸಿ, ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ಯಬೇಕು. ಇದರಲ್ಲಿ ಪೃಥ್ವೀಕಾಯ, ತೇಜಸ್ಕಾಯಗಳ ವಿರಾಧನೆ ಇಲ್ಲವೆನ್ನಲಾಗದು. ಜಮೆಯ ಬದಿಯಲ್ಲಿ, ಹೀಗೆ ವ್ಯಯವಾದ ಶಕ್ತಿಯನ್ನು ಫಲಕವು ಕೆಲವೇ ವರ್ಷಗಳಲ್ಲಿ ಹಿಂದಿರುಗಿಸುತ್ತದೆ. ಅದರ ಆಯುಷ್ಯವಾದರೋ 25 ವರ್ಷ ಅಥವಾ ಅದಕ್ಕೂ ಹೆಚ್ಚು. ಕಲ್ಲಿದ್ದಲಿಗೆ ಹೋಲಿಸಿದರೆ ಲಾಭ ಸ್ಪಷ್ಟವಾಗಿದೆ.

ಬ್ಯಾಟರಿಯ ಲೆಕ್ಕ ಇಷ್ಟು ಹಗುರವಲ್ಲ. ಸಾಮಾನ್ಯ ಬ್ಯಾಟರಿಯಲ್ಲಿರುವುದು ಸೀಸ ಮತ್ತು ಗಂಧಕಾಮ್ಲ. ಫಲಕವೊಂದು ಬಾಳುವ ಅವಧಿಯಲ್ಲಿ ಇಂತಹ ಬ್ಯಾಟರಿಗಳನ್ನು ಹಲವು ಬಾರಿ ಬದಲಾಯಿಸಬೇಕಾಗುತ್ತದೆ. ಹಳೆಯದನ್ನು ಗುಜರಿಯವನಿಗೆ ಕೊಟ್ಟರೆ, ಎಲ್ಲಿಯೋ ಬಯಲಿನಲ್ಲಿ ಅದನ್ನು ಒಡೆದು ಸೀಸವನ್ನು ಕರಗಿಸುವಾಗ ವಿಷವು ಮಣ್ಣನ್ನೂ ನೀರನ್ನೂ ಸೇರಿ, ಅಲ್ಲಿನ ಮಕ್ಕಳ ರಕ್ತವನ್ನೂ ಸೇರುತ್ತದೆ. ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು 2022ರ ನಿಯಮಾವಳಿಯು ತಯಾರಕರ ಮೇಲೆ ಹೊರಿಸಿದೆ. ಗುಜರಿಯ ನಾಲ್ಕು ಕಾಸಿನ ಆಸೆಯನ್ನು ಬಿಟ್ಟು ಅಧಿಕೃತ ಮಾರಾಟಗಾರನಿಗೇ ಹಿಂದಿರುಗಿಸಿ ಚೀಟಿ ಪಡೆಯುವುದು ಇಂದಿನ ಶ್ರಾವಕನ ಅಹಿಂಸಾಣುವ್ರತದ ಭಾಗವೇ ಆಗಿದೆ.

ಆದ್ದರಿಂದ ಸೌರವಿದ್ಯುತ್ತಿನ ವ್ಯವಸ್ಥೆಯಲ್ಲಿ ಗೃಹಸ್ಥನ ವಿವೇಕಕ್ಕೆ ಹೆಚ್ಚಿನ ಅವಕಾಶವಿರುವುದು ಬ್ಯಾಟರಿಯನ್ನು ಕಿರಿದಾಗಿಸುವುದರಲ್ಲಿ. ಇಲ್ಲಿಯೇ ಜೈನಾಚಾರದ ಒಂದು ಹಳೆಯ ವ್ರತವು ಆಶ್ಚರ್ಯಕರವಾಗಿ ನೆರವಿಗೆ ಬರುತ್ತದೆ.

ಸೂರ್ಯನ ಸಮಯ, ವ್ರತದ ಸಮಯ

ಕರ್ನಾಟಕದಲ್ಲಿ 1 ಕಿಲೋವ್ಯಾಟ್ ಫಲಕಗಳು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತವೆ. ಅವುಗಳಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ಇಬ್ಬರು ಮೂವರು ವಾಸಿಸುವ ತೋಟದ ಮನೆಯೊಂದರ ಲೆಕ್ಕವನ್ನು ನೋಡಬಹುದು. 1 ಅಶ್ವಶಕ್ತಿಯ ಪಂಪು ಒಂದು ಗಂಟೆ ನಡೆದರೆ ಸುಮಾರು 1 ಯೂನಿಟ್. ರುಬ್ಬುವ ಯಂತ್ರ, ಮಿಕ್ಸಿಗಳಿಗೆ ಕಾಲು ಯೂನಿಟ್. ಫ್ರಿಜ್ಜಿಗೆ ಹಗಲು ಅರ್ಧ, ರಾತ್ರಿ ಅರ್ಧ. 9 ವ್ಯಾಟಿನ ಐದು ಎಲ್ಇಡಿ ದೀಪಗಳು ನಾಲ್ಕು ಗಂಟೆ ಉರಿದರೆ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. 30 ವ್ಯಾಟಿನ ಹೊಸ ಬಗೆಯ ಎರಡು ಫ್ಯಾನುಗಳು ರಾತ್ರಿ ಎಂಟು ಗಂಟೆ ತಿರುಗಿದರೆ ಅರ್ಧ ಯೂನಿಟ್. ಒಟ್ಟು 3 ಯೂನಿಟ್ಟಿನೊಳಗೆ ಮನೆ ನಡೆಯುತ್ತದೆ; ಅದರಲ್ಲಿ ಸೂರ್ಯಾಸ್ತದ ಬಳಿಕ ಬೇಕಾಗುವುದು 1.2 ಯೂನಿಟ್ ಮಾತ್ರ.

12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯೊಂದು 1.8 ಯೂನಿಟ್ ಹಿಡಿಯುತ್ತದೆ. ಅದು ಬಾಳಬೇಕಾದರೆ ದಿನವೂ ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದು. ಮೇಲಿನ ಮನೆಗೆ ಅಂತಹ ಎರಡು ಸಾಕು. ಅದೇ ಮನೆಯಲ್ಲಿ ರಾತ್ರಿಯಾದ ಮೇಲೆ ವಿದ್ಯುತ್ ಒಲೆಯಲ್ಲಿ ಒಂದು ಗಂಟೆ ಅಡುಗೆ ಮಾಡಿದರೆ ಸುಮಾರು 1.5 ಯೂನಿಟ್ ಹೆಚ್ಚಾಗಿ, ಇನ್ವರ್ಟರಿನ ನಷ್ಟವೂ ಸೇರಿ ನಾಲ್ಕು ಬ್ಯಾಟರಿಗಳು ಬೇಕಾಗುತ್ತವೆ. ಮಲಗುವ ಕೋಣೆಗೆ ಹವಾನಿಯಂತ್ರಕ ಸೇರಿದರೆ ಎಂಟು ಗಂಟೆಗೆ ಇನ್ನೂ 8 ಯೂನಿಟ್. ಬ್ಯಾಟರಿಗಳ ಸಂಖ್ಯೆ ಹನ್ನೆರಡನ್ನು ಮೀರುತ್ತದೆ.

ಅನಸ್ತಮಿತ ವ್ರತವನ್ನು, ಅಂದರೆ ಸೂರ್ಯಾಸ್ತದೊಳಗೆ ಭೋಜನ ಮುಗಿಸುವ ನಿಯಮವನ್ನು ಪಾಲಿಸುವ ಮನೆಯಲ್ಲಿ ರುಬ್ಬುವುದು, ಬೇಯಿಸುವುದು, ತೊಳೆಯುವುದು, ನೀರು ತುಂಬಿಸುವುದು ಎಲ್ಲವೂ ಹಗಲಿನಲ್ಲಿಯೇ ಮುಗಿಯುತ್ತವೆ. ಫಲಕವು ವಿದ್ಯುತ್ತು ಕೊಡುವ ಸಮಯವೂ ಅದೇ. ವ್ರತದ ಉದ್ದೇಶ ಬ್ಯಾಟರಿಯ ಉಳಿತಾಯವಲ್ಲ. ಅದು ಜೀವದಯೆಗಾಗಿ ವಿಧಿಸಿದ್ದು. ಆದರೆ ದಯೆಗಾಗಿ ವಿಧಿಸಿದ ನಿಯಮವು ಕಣ್ಣಿಗೆ ಕಾಣದ ದೂರದ ಹಿಂಸೆಯನ್ನೂ ತಗ್ಗಿಸುತ್ತದೆ ಎಂಬುದು ಗಮನಾರ್ಹ. ಇದಕ್ಕೆ ವಿರುದ್ಧವಾಗಿ, ದೀಪ ಪ್ರಖರವಾಗಿದೆಯೆಂದು ವ್ರತವನ್ನು ಸಡಿಲಿಸಿದ ಮನೆಯು ಸೌರವಿದ್ಯುತ್ತನ್ನು ಹಾಕಿಸಿದರೂ ಹೆಚ್ಚು ಸೀಸವನ್ನೇ ಕೊಳ್ಳುತ್ತದೆ.

ಪರಿಮಾಣ ಮೊದಲು

ಭೋಗೋಪಭೋಗ ಪರಿಮಾಣವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಅನರ್ಥದಂಡಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು, ಗಿಡ ಕಡಿಯುವುದು ಇವುಗಳನ್ನು ಅವರು ಹೇಳುತ್ತಾರೆ. ಈ ಪಟ್ಟಿಯನ್ನು ಇಂದಿನ ಮನೆಗೆ ಹಚ್ಚಿ ನೋಡಿದರೆ, ಯಾರೂ ಇಲ್ಲದ ಕೋಣೆಯ ದೀಪ ಮತ್ತು ಫ್ಯಾನು, ತುಂಬಿ ಹರಿಯುವ ತೊಟ್ಟಿ, ಎಲ್ಲವೂ ಅದರೊಳಗೇ ಬರುತ್ತವೆ. ವಿದ್ಯುತ್ತು ಸೂರ್ಯನಿಂದ ಬಂದರೂ ಈ ದೋಷ ಅಳಿಯುವುದಿಲ್ಲ.

ನೀರಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಪಂಪು ನಡೆಸಲು ಖರ್ಚಿಲ್ಲವೆಂದಾದಾಗ ಅದನ್ನು ನಿಲ್ಲಿಸಲು ಕಾರಣವೂ ಇಲ್ಲದಂತಾಗುತ್ತದೆ. ತೆರೆದ ಬಾವಿಯಲ್ಲಿ ನೀರು ಇಳಿದದ್ದು ಕಣ್ಣಿಗೆ ಕಾಣುತ್ತದೆ. ಕೊಳವೆಬಾವಿಯಲ್ಲಿ ಅದು ತಿಳಿಯುವುದು ಬತ್ತಿದ ಮೇಲೆಯೇ. ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುತ್ತಿದ್ದ ಹಿರಿಯರ ಪದ್ಧತಿಯ ಹಿಂದೆ ಇದ್ದದ್ದು, ಪ್ರತಿ ಕೊಡವೂ ಜೀವಗಳ ನೆಲೆಯಿಂದ ಬಂದುದೆಂಬ ಅರಿವು.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿ ಬಳಕೆಗೆ ಅನುಗುಣವಾಗಿ, ವಿದ್ಯುತ್ತು ಉಚಿತ. ದಿನಕ್ಕೆ 3 ಯೂನಿಟ್ ಬಳಸುವ ಮನೆಗೆ ಬಿಲ್ಲೇ ಬರುವುದಿಲ್ಲವಾದರೆ ಫಲಕವೇಕೆ? ವ್ಯಾಪಾರದ ಲೆಕ್ಕದಲ್ಲಿ ಈ ಆಕ್ಷೇಪ ಸರಿಯೇ. ಧರ್ಮದ ಲೆಕ್ಕದಲ್ಲಿಯೂ, ತಂತಿಯ ವಿದ್ಯುತ್ತು ಸರಿಯಾಗಿ ಬರುವ ಪೇಟೆಯ ಚಿಕ್ಕ ಕುಟುಂಬವು ಇರುವುದನ್ನೇ ಮಿತವಾಗಿ ಬಳಸಿ ಹೊಸ ಬ್ಯಾಟರಿಗಳನ್ನು ಕೊಳ್ಳದೇ ಇರುವುದು ದೋಷವಲ್ಲ. ಅದೂ ಅಪರಿಗ್ರಹದ ಒಂದು ರೂಪ. ಆದರೆ ಒಂಟಿ ತೋಟದ ಮನೆಯಲ್ಲಿ ವೃದ್ಧರು ಕತ್ತಲೆಯಲ್ಲಿ ಬಾವಿಕಟ್ಟೆಗೆ ಹೋಗಬೇಕಾದ ಸ್ಥಿತಿಯಿದ್ದರೆ ಫಲಕವು ಭೋಗವಸ್ತುವಲ್ಲ, ರಕ್ಷಣೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿಯ ಮನೆಗಳಿಗೆ ಸೌರದೀಪಗಳನ್ನು ಒದಗಿಸಿದ್ದು ಇಂತಹ ಅಗತ್ಯಕ್ಕಾಗಿಯೇ. ಬ್ಯಾಟರಿಯಿಲ್ಲದೆ ತಂತಿಗೆ ಮಾತ್ರ ಜೋಡಿಸಿದ ಸೌರವ್ಯವಸ್ಥೆಯು, ತಂತಿ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ವಿದ್ಯುತ್ತು ಹೋದಾಗ ತಾನೂ ನಿಂತುಬಿಡುತ್ತದೆ ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು. ಆಷಾಢ-ಶ್ರಾವಣದ ಮೋಡದ ದಿನಗಳಲ್ಲಿ ಇಳುವರಿ ಅರ್ಧಕ್ಕಿಂತಲೂ ಇಳಿಯಬಹುದು. ಆಗ ಮನೆಯನ್ನು ನಡೆಸುವುದು ಮಿತಬಳಕೆಯೇ.

ಸಹಾಯಧನದ ವಿಚಾರವೂ ಹೀಗೆಯೇ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ನಿಗದಿಯಾಯಿತು. ಹೆಚ್ಚಿಗೆ ಸಿಗುತ್ತದೆಯೆಂದು 1 ಸಾಕಾದಲ್ಲಿ 3 ಹಾಕಿಸುವ ಆಸೆ ಹುಟ್ಟುವುದು ಸಹಜ. ಮಿಕ್ಕ ವಿದ್ಯುತ್ತನ್ನು ತಂತಿಗೆ ಕೊಟ್ಟು ಅಷ್ಟು ಕಲ್ಲಿದ್ದಲನ್ನು ಉಳಿಸುವ ಭಾವವಿದ್ದರೆ ಅದನ್ನು ದೋಷವೆನ್ನಲಾಗದು. ಪರಿಗ್ರಹದ ಮೂಲ ಮೂರ್ಛೆಯಲ್ಲಿದೆಯೇ ಹೊರತು ವಸ್ತುವಿನ ಅಳತೆಯಲ್ಲಿ ಮಾತ್ರವಲ್ಲ. ಆದರೆ ಮಿಕ್ಕಿದೆಯೆಂಬ ಕಾರಣಕ್ಕೆ ಹೊಸ ಯಂತ್ರಗಳು ಒಂದೊಂದಾಗಿ ಮನೆ ಸೇರತೊಡಗಿದರೆ, ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಲೋಭವನ್ನೂ ಏಕೆ ಎಣಿಸಿದ್ದಾರೆಂಬುದು ಅರ್ಥವಾಗುತ್ತದೆ.

ಮರ, ಹುಳು ಮತ್ತು ಬಸದಿ

ಫಲಕದ ಮೇಲೆ ಒಂದು ಕೊಂಬೆಯ ನೆರಳು ಬಿದ್ದರೂ ಅದರೊಡನೆ ಜೋಡಿಸಿದ ಸಾಲಿನ ಇಳುವರಿಯೇ ಕುಗ್ಗಬಹುದು. ಹಾಗೆಂದು ಅಜ್ಜನ ಕಾಲದ ಹಲಸಿನ ಮರವನ್ನು ಕಡಿಸಿ ಶುದ್ಧ ವಿದ್ಯುತ್ತು ಪಡೆದೆನೆನ್ನುವುದು ವಿಪರ್ಯಾಸ. ಮನೆಯ ಮಾಡನ್ನೇ ಹಿಡಿಯದೆ ಅಂಗಳದ ಅಂಚಿನಲ್ಲಿ ಕಂಬದ ಮೇಲೆ ದಕ್ಷಿಣಾಭಿಮುಖವಾಗಿ ಫಲಕಗಳನ್ನು ನಿಲ್ಲಿಸಬಹುದು. ಹಂಚು ಒಡೆಯುವ, ಮಾಡು ಸೋರುವ ಭಯವೂ ತಪ್ಪುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದು ಅನ್ವಯಿಸುತ್ತದೆ. ಪುರಾತನ ಶಿಲಾಬಸದಿಗಳ ಮಾಡಿಗೆ ತೂತು ಕೊರೆಯುವುದು ಸರ್ವಥಾ ಸಲ್ಲದು. ಯಾತ್ರಿನಿವಾಸ, ಭೋಜನಶಾಲೆಗಳ ಮಾಡುಗಳೇ ಫಲಕಗಳಿಗೆ ತಕ್ಕವು. ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ಮಳೆಗಾಲದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ನೆಲೆಸುತ್ತಾರೆ. ಅದೇ ತಿಂಗಳುಗಳಲ್ಲಿ ಬಸದಿಯ ಅಂಗಳದಲ್ಲಿ ಇರುಳಿಡೀ ಬಿಳಿಯ ಪ್ರಖರ ದೀಪಗಳು ಉರಿದರೆ ಬೆಳಗಾಗುವಾಗ ಕಂಬದ ಬುಡದಲ್ಲಿ ಸತ್ತ ಹುಳುಗಳ ರಾಶಿ ಬಿದ್ದಿರುತ್ತದೆ. ಆ ದೀಪ ಸೌರವಿದ್ಯುತ್ತಿನದಾದರೂ ಹುಳುವಿನ ಪಾಲಿಗೆ ವ್ಯತ್ಯಾಸವಿಲ್ಲ. ಬೆಳಕನ್ನು ಕೆಳಮುಖವಾಗಿಸಿ, ಹಳದಿ ಛಾಯೆಯ ಮಂದ ದೀಪಗಳನ್ನು ಇಟ್ಟು, ಜನಸಂಚಾರ ನಿಂತೊಡನೆ ಆರಿಸುವುದಕ್ಕೆ ಯಾವ ಸಹಾಯಧನವೂ ಬೇಕಿಲ್ಲ.

ಹೀಗೆ ವಿಚಾರಿಸಿದಾಗ ಕ್ರಮವು ತಾನಾಗಿಯೇ ಸ್ಪಷ್ಟವಾಗುತ್ತದೆ. ಅಳತೆ ಹಾಕುವವನು ಮನೆಗೆ ಬರುವ ಮುನ್ನ, ಮನೆಯವರೆಲ್ಲ ಒಟ್ಟಿಗೆ ಕುಳಿತು ಯಾವುದು ಬೇಕು, ಯಾವುದು ಹಗಲಿನಲ್ಲಿ ಆಗಬಲ್ಲದು, ಯಾವುದನ್ನು ಬಿಡಬಹುದು ಎಂಬುದನ್ನು ಒಂದು ಕಾಗದದಲ್ಲಿ ಬರೆಯಬೇಕು. ಊರಿನಲ್ಲಿರುವ ಮಾತಾಪಿತೃಗಳಿಗಾಗಿ ದೂರದಿಂದ ಹಣ ಕಳುಹಿಸುವ ಮಕ್ಕಳೂ ಆ ದಿನ ಬಂದು ಅವರ ಜೊತೆಯಲ್ಲಿ ಕುಳಿತರೆ, ಹಂಚು ಸರಿಪಡಿಸಬೇಕಾದದ್ದು, ಬಾವಿಯ ಹೂಳು ತೆಗೆಸಬೇಕಾದದ್ದು, ತಾಯಿಯ ಕಣ್ಣಿನ ಚಿಕಿತ್ಸೆ ಮುಂತಾದ ಬೇರೆ ಅಗತ್ಯಗಳೂ ಆ ಕಾಗದಕ್ಕೆ ಬಂದಾವು. ಕೆಲವೊಮ್ಮೆ ಅವು ಫಲಕಕ್ಕಿಂತ ಮೊದಲಿನವಾಗಿರಬಹುದು. 25 ವರ್ಷ ಬಾಳುವ ಫಲಕವನ್ನು ಹಾಕಿಸುವವರು ಆ ಮನೆಯಲ್ಲಿ ಮುಂದೆ ಯಾರು ಬಾಳುತ್ತಾರೆಂಬುದನ್ನೂ ಯೋಚಿಸಬೇಕಾಗುತ್ತದೆ. ಹೀಗೆ ಬರೆದ ಮಿತಿಗೆ ತಕ್ಕಂತೆ ಹಾಕಿಸಿದ ವ್ಯವಸ್ಥೆ ಚಿಕ್ಕದಾದರೂ ಸಾಲುತ್ತದೆ. ಮಿತಿಯನ್ನು ಬರೆಯದ ಮನೆಗೆ ಎಷ್ಟು ದೊಡ್ಡದನ್ನು ಹಾಕಿಸಿದರೂ ಸಾಲದು.