ಔಷಧವಿಲ್ಲದ ಹನಿ ಮೋಸವೇ?



ಕಣ್ಣು ಒಣಗುವ ಬಾಧೆ ಅನುಭವಿಸಿದವರಿಗೇ ಗೊತ್ತು. ಮರಳು ಬಿದ್ದಂತೆ ಉರಿ, ಓದಲು ಕುಳಿತರೆ ಮಸುಕು. ಕಣ್ಣೀರು ಸಾಲದಾದಾಗ ಅಥವಾ ಬೇಗ ಆರಿಹೋದಾಗ ಹೀಗಾಗುತ್ತದೆ. ಇದಕ್ಕೆಂದು ಹೊಸ ಔಷಧಗಳು ಬಂದಿವೆ. ಅಮೆರಿಕದಲ್ಲಿ ಸೈಕ್ಲೋಸ್ಪೊರಿನ್ ಹನಿಗೆ 2002ರಲ್ಲೂ ಲಿಫಿಟೆಗ್ರಾಸ್ಟ್ ಹನಿಗೆ 2016ರಲ್ಲೂ ಒಪ್ಪಿಗೆ ಸಿಕ್ಕಿತು.

ಇಂಥ ಹನಿಯನ್ನು ಪರೀಕ್ಷಿಸುವಾಗ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧ ಬೆರೆತ ಹನಿ. ಇನ್ನೊಂದಕ್ಕೆ ಔಷಧವಿಲ್ಲದ ಬರಿಯ ದ್ರವ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ನರಳುವವರ ಕೈಗೆ ಔಷಧವಿಲ್ಲದ ಸೀಸೆ ಕೊಡುವುದು ಮೋಸವಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಆದರೆ ಸ್ವಲ್ಪ ಯೋಚಿಸಿ. ಒಣಗಿದ ಕಣ್ಣಿಗೆ ಬರಿಯ ದ್ರವ ಬಿದ್ದರೂ ತಂಪೆನಿಸುತ್ತದೆ. ಹೊಸ ಮದ್ದೆಂಬ ಭರವಸೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ರೆಪ್ಪೆಯಂಚಿಗೆ ಕಾಗದದ ಪಟ್ಟಿಯಿಟ್ಟು 5 ನಿಮಿಷ ಕಣ್ಣೀರು ಅಳೆಯುವ ಶಿರ್ಮರ್ ಪರೀಕ್ಷೆಯುಂಟು. ಆದರೆ ಆ ಅಳತೆಗೂ ರೋಗಿ ಹೇಳುವ ಉರಿಗೂ ಅನೇಕ ಸಲ ತಾಳೆಯಾಗುವುದಿಲ್ಲ. ಹೋಲಿಸಿ ನೋಡದಿದ್ದರೆ ಕೆಲಸಕ್ಕೆ ಬಾರದ ಹನಿಯನ್ನು ಬಡವರು ಸಾಲ ಮಾಡಿ ಕೊಂಡಾರು. ಅದೇ ದೊಡ್ಡ ಮೋಸ.

ತಿಳಿಯುವ ಹಕ್ಕುಳ್ಳವರಿಂದ ಸತ್ಯವನ್ನು ಮರೆಮಾಚುವುದು ಮೋಸ. "ನಿಮಗೆ ಔಷಧ ಸಿಗಬಹುದು, ಸಿಗದಿರಲೂಬಹುದು" ಎಂದು ಮೊದಲೇ ಹೇಳಿ, ಅವರು ಅರಿತು ಒಪ್ಪಿದರೆ ಅಲ್ಲಿ ಸುಳ್ಳಿಲ್ಲ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ, ಡಾಕ್ಟರಿಗೆ ಇಲ್ಲವೆನ್ನಲಾಗದೆ ತಲೆಯಾಡಿಸಿದರೆ, ಅದು ಒಪ್ಪಿಗೆಯಲ್ಲ. ವಿಜ್ಞಾನದ ಹಿತವೇ ಎಲ್ಲಕ್ಕಿಂತ ಮೇಲಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯುಸ್ 1952ರಲ್ಲೇ ಎಚ್ಚರಿಸಿದ್ದರು. 1964ರಲ್ಲಿ ಮೊದಲು ಅಂಗೀಕೃತವಾಗಿ ಹಲವು ಸಲ ಪರಿಷ್ಕೃತಗೊಂಡಿರುವ ಹೆಲ್ಸಿಂಕಿ ಘೋಷಣೆಯೂ ರೋಗಿಯ ಹಿತಕ್ಕೇ ಮೊದಲ ಸ್ಥಾನ ಕೊಡುತ್ತದೆ. ಆದ್ದರಿಂದ ಒಪ್ಪಿಗೆಯೊಂದೇ ಸಾಲದು. ಕೆಲವು ವಾರ ಉರಿ ತಾಳಿಕೊಳ್ಳುವುದು ಬೇರೆ, ಕಣ್ಣಿಗೆ ಹುಣ್ಣಾಗಿ ದೃಷ್ಟಿಯೇ ಹೋಗುವ ಭಯವಿರುವುದು ಬೇರೆ. ಅಂಥವರಿಗೆ ಗುಣಪಡಿಸುವ ಚಿಕಿತ್ಸೆಯನ್ನು ತಪ್ಪಿಸಿ ಬರಿಯ ದ್ರವ ಹಾಕುವುದು ಪಾಪವೇ ಸರಿ.

ನಾಳೆ ನಿಮ್ಮನ್ನೋ ನಿಮ್ಮ ತಾಯಿಯನ್ನೋ ಇಂಥ ಪರೀಕ್ಷೆಗೆ ಕರೆದರೆ ಸಂಕೋಚವಿಲ್ಲದೆ ಕೇಳಿ: ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ನಡುವೆ ಬಿಟ್ಟುಬರಬಹುದೇ? ಎಲ್ಲ ತಿಳಿದು ಒಪ್ಪಿದ ಮೇಲೆ ನಿಮ್ಮ ಮೇಲೂ ಒಂದು ಹೊಣೆಯುಂಟು. ಡಾಕ್ಟರಿಗೆ ಬೇಸರವಾದೀತೆಂದು "ಈಗ ವಾಸಿ" ಎನ್ನಬೇಡಿ. ಉರಿ ಹಾಗೇ ಇದ್ದರೆ ಹಾಗೇ ಇದೆ ಎನ್ನಿ. ನೀವು ಎಂದೂ ಕಾಣದ ಯಾರದೋ ಕಣ್ಣು ನಿಮ್ಮ ಆ ಒಂದು ಮಾತನ್ನು ನಂಬಿಕೊಂಡಿರುತ್ತದೆ.