ಹೊಟ್ಟೆಯೊಳಗಿನ ಅರ್ಥಾಪತ್ತಿ

ದೇವದತ್ತ ಹಗಲು ಉಣ್ಣುವುದಿಲ್ಲ. ಆದರೂ ಮೈ ತುಂಬಿಕೊಂಡಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ನಿಶ್ಚಿತವಾದ ಎರಡು ಸಂಗತಿಗಳು ಒಂದಕ್ಕೊಂದು ಹೊಂದದಿದ್ದಾಗ, ಹೊಂದಿಸುವ ಕಾಣದ ಮೂರನೆಯದನ್ನು ಒಪ್ಪುವ ಈ ಬಗೆಗೆ ಅರ್ಥಾಪತ್ತಿ ಎಂದು ಹೆಸರು. ಮೀಮಾಂಸಕರೂ ಅದ್ವೈತಿಗಳೂ ಇದನ್ನು ಬೇರೆಯೇ ಪ್ರಮಾಣ, ಅಂದರೆ ಅರಿವಿನ ದಾರಿ, ಎಂದರು. ನೈಯಾಯಿಕರು ಇದೂ ಅನುಮಾನವೇ, ಅಂದರೆ ಕಂಡ ಗುರುತಿನಿಂದ ಮಾಡುವ ಊಹೆಯೇ, ಎಂದರು.

ಜಠರದ ಆಮ್ಲದ ಕಥೆಯಲ್ಲಿ ಇದೇ ಯೋಚನೆ ಎದ್ದು ಕಾಣುತ್ತದೆ. ದೇಹದಲ್ಲೇ ಹುಟ್ಟುವ ಹಿಸ್ಟಮಿನ್ ಎಂಬ ರಾಸಾಯನಿಕ ಜಠರವು ಆಮ್ಲ ಸ್ರವಿಸುವಂತೆ ಮಾಡುತ್ತದೆ ಎಂದು ವಿಜ್ಞಾನಿ ಪೊಪೀಲ್ಸ್ಕಿ 1920ರಲ್ಲೇ ಪ್ರಕಟಿಸಿದ್ದರು. ಆಮೇಲೆ ಬಂದ ಮೆಪಿರಮಿನ್‌ನಂಥ ಔಷಧಗಳು ಕರುಳು, ಶ್ವಾಸನಾಳಗಳ ಮೇಲೆ ಹಿಸ್ಟಮಿನ್ ಆಟ ನಡೆಯದಂತೆ ಮಾಡಿದವು. ಆಮ್ಲ ಮಾತ್ರ ಜಗ್ಗಲಿಲ್ಲ. 1966ರಲ್ಲಿ ಸಂಶೋಧಕರಾದ ಆ್ಯಶ್ ಮತ್ತು ಶಿಲ್ಡ್, ಆ ಔಷಧಗಳು ತಡೆಯುವ ಗ್ರಾಹಕಕ್ಕೆ, ಅಂದರೆ ಕೋಶದ ಮೇಲೆ ಹಿಸ್ಟಮಿನ್ ಅಂಟುವ ತಾಣಕ್ಕೆ, ಎಚ್1 ಎಂದು ಹೆಸರಿಟ್ಟರು. ಹಾಗಿದ್ದರೆ ಹಿಸ್ಟಮಿನ್‌ಗೆ ಇನ್ನೊಂದು ಗ್ರಾಹಕ ಇರಬೇಕಲ್ಲ?

ಇಲ್ಲಿ ಅವಸರ ಸಲ್ಲದು. ದೇವದತ್ತನ ಮೈ ಬಾವಿನಿಂದ ಊದಿರಬಹುದು. ಔಷಧ ಜಠರವನ್ನು ಮುಟ್ಟದೆಯೇ ಇರಬಹುದು. ಉಳಿದ ದಾರಿಗಳು ಮುಚ್ಚಿದ ಮೇಲಷ್ಟೇ ಅರ್ಥಾಪತ್ತಿಗೆ ಬಲ. ಗಿನಿಪಿಗ್‌ನ ಹೃದಯದ ಮೇಲ್ಕೋಣೆಯನ್ನು ಬೇರ್ಪಡಿಸಿ ದ್ರಾವಣದಲ್ಲಿಟ್ಟಾಗಲೂ ಹಿಸ್ಟಮಿನ್ ಅದರ ಬಡಿತ ಹೆಚ್ಚಿಸುತ್ತದೆ. ಮೆಪಿರಮಿನ್ ಅದನ್ನೂ ತಡೆಯದು. ಔಷಧದಲ್ಲೇ ಮುಳುಗಿರುವ ತುಣುಕಿಗೆ ಔಷಧ ತಲುಪಲಿಲ್ಲ ಎನ್ನಲಾಗದು. 1972ರಲ್ಲಿ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರ ತಂಡ ಬುರಿಮಮೈಡ್ ಎಂಬ ಅಣುವಿನಿಂದ ಆ ಬಡಿತವನ್ನೂ ಆಮ್ಲವನ್ನೂ ತಡೆದು ತೋರಿಸಿತು. ಎಚ್2 ಗ್ರಾಹಕ ಶಾಸ್ತ್ರದೊಳಗೆ ಬಂದದ್ದು ಹೀಗೆ.

ಅರ್ಥಾಪತ್ತಿ ಬೇರೆಯೇ ಪ್ರಮಾಣವೋ ಅನುಮಾನವೋ ಎಂಬಲ್ಲಿ ನನ್ನ ಒಲವು ಮೀಮಾಂಸಕರ ಕಡೆಗೆ. ಹೊಗೆಯಿಂದ ಬೆಂಕಿಯನ್ನು ಊಹಿಸುವವನು ಅವೆರಡನ್ನೂ ಒಟ್ಟಿಗೆ ಅಡುಗೆಮನೆಯಲ್ಲಿ ಕಂಡಿರುತ್ತಾನೆ. ಎಚ್2 ಗ್ರಾಹಕವನ್ನು ಮೊದಲು ಎಲ್ಲಿ, ಯಾರು ಕಂಡಿದ್ದರು?

ಇಂದು ಎಚ್2 ಗ್ರಾಹಕ ಕೆಲಸ ಮಾಡುವ ವಿವರ ಗೊತ್ತಿದೆ. ಊಟವಾದಾಗ ಗ್ಯಾಸ್ಟ್ರಿನ್ ಹಾರ್ಮೋನು ಜಠರದ ಗೋಡೆಯ ಇಸಿಎಲ್ ಎಂಬ ಕೋಶಗಳನ್ನು ಎಬ್ಬಿಸುತ್ತದೆ. ಅವು ಹಿಸ್ಟಮಿನ್ ಬಿಡುತ್ತವೆ. ಅದು ನೆರೆಯಲ್ಲಿರುವ, ಆಮ್ಲ ಸ್ರವಿಸುವ ಪರೈಟಲ್ ಕೋಶದ ಎಚ್2 ಗ್ರಾಹಕಕ್ಕೆ ಅಂಟುತ್ತದೆ. ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರಿ, ಪ್ರೋಟಾನ್ ಪಂಪುಗಳು ಕೋಶದ ಹೊರಪದರಕ್ಕೆ ಬಂದು ಆಮ್ಲ ಸುರಿಸುತ್ತವೆ. ನರದಿಂದ ಬರುವ ಅಸಿಟೈಲ್‌ಕೋಲಿನ್ ಕೂಡ ಈ ಕೋಶವನ್ನು ಪ್ರಚೋದಿಸುತ್ತದೆ. ಆದರೂ ಎಚ್2 ಒಂದನ್ನು ಮುಚ್ಚಿದರೆ ಆಮ್ಲ ಬಹಳಷ್ಟು ಇಳಿಯುತ್ತದೆ. ಹುಣ್ಣಿನ ನೋವಿನಿಂದ ನಿದ್ದೆಗೆಟ್ಟವರಿಗೆ ಎಚ್2 ತಡೆಯುವ ಸಿಮೆಟಿಡಿನ್ ಮಾತ್ರೆ ಆಸರೆಯಾದದ್ದು ಇದರಿಂದಲೇ.

ಆ ಮಾತ್ರೆ ಬ್ರಿಟನ್ನಿನಲ್ಲಿ 1976ರಲ್ಲಿ ಮಾರುಕಟ್ಟೆಗೆ ಬಂತು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಂದಿತು. ಎಚ್2 ಗ್ರಾಹಕದ ಜೀನ್ ಕೈಗೆ ಸಿಕ್ಕಿದ್ದು 1991ರಲ್ಲಿ.